ಹೋದವರ ಹೆಸರು ಹೇಳುವ ಪುಸ್ತಕಗಳು

ನಮ್ಮ ಭಾಗದಾಗ ಯಾರಾದರೂ ತೀರಿಕೊಂಡರೆ ಎರಡು ನಮೂನಿ ಬರವಣಿಗಿ ಆಗ್ತದ. ಒಂದು ಗ್ರಾಮ ಪಂಚಾಯತಿಯ ದಾಖಲೆ: ಹೆಸರು, ವಯಸ್ಸು, ತಾರೀಖು. ಇನ್ನೊಂದು ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟುವ ಫ್ಲೆಕ್ಸು: 'ಭಾವಪೂರ್ಣ ಶ್ರದ್ಧಾಂಜಲಿ', ಹಾರದ ನಡುವೆ ಒಂದು ಫೋಟೋ, ಕೆಳಗ ದುಃಖಿತರ ಉದ್ದ ಯಾದಿ. ದಾಖಲೆ ಕಪಾಟಿಗೆ ಹೋಗ್ತದ. ಫ್ಲೆಕ್ಸು ನಾಕು ಮಳಿಗೆ ಮಾಸಿ ಯಾರದೋ ಕಣಕಿ ಬಣವಿಗೆ ಹೊದಿಕಿ ಆಗ್ತದ. ಈ ಎರಡರಾಗೂ ಹೋದ ಮನುಷ್ಯ ಇಲ್ಲ. ಆತ ಹೆಂಗ ನಗ್ತಿದ್ದ, ಯಾವುದಕ್ಕ ಸಿಟ್ಟಾಗ್ತಿದ್ದ, ಉಣ್ಣಾಕ ಕುಂತಾಗ ಏನು ಕೇಳ್ತಿದ್ದ ಅನ್ನೋದು ಪೂರಾ ಗೊತ್ತಿರೋದು ಒಬ್ಬರಿಗೇ, ಸಂಗಾತಿಗೆ. ಗಂಡ ಹೋದರೆ ಹೆಂಡತಿಗೆ, ಹೆಂಡತಿ ಹೋದರೆ ಗಂಡನಿಗೆ. ಗೊತ್ತಿದ್ದವರು ಬರಿಯೋದಿಲ್ಲ. ಬರಿಯುವವರಿಗೆ ಗೊತ್ತಿರೋದಿಲ್ಲ.

ಆದರೆ ಹಂಗ ಬರೆದವರು ಕೆಲವರು ಇದ್ದಾರ. ಕನ್ನಡದಾಗೂ ಇದ್ದಾರ, ಮರಾಠಿಯಾಗೂ ಇದ್ದಾರ. ಮನಿಯೊಳಗ ಕನ್ನಡ, ಶಾಲಿಯೊಳಗ ಮರಾಠಿ ಅಂತ ಬೆಳೆದ ನಮಗ ಈ ಎರಡೂ ಪರಕೀಯ ಅಲ್ಲ. ಅದಕ್ಕ ಎರಡೂ ಕಡಿಯ ಪುಸ್ತಕಗಳನ್ನು ಒಂದೇ ಗುಡಾರದ ಮ್ಯಾಲೆ ಕೂಡಿಸಿ ನೋಡುವ ಪ್ರಯತ್ನ ಇದು. 'ಬರೆದರೆ ದುಃಖ ಕಡಿಮಿ ಆಗ್ತದೇನು?' ಅಂತ ಎಲ್ಲರೂ ಕೇಳ್ತಾರ. ಆ ಪ್ರಶ್ನೆಗೆ ಕಡೀಗೆ ಬರೋಣ. ಮೊದಲ ಕೇಳಬೇಕಾದದ್ದು ಬ್ಯಾರೆ ಅದ: ಫ್ಲೆಕ್ಸಿಗೆ ಆಗದ್ದು ಈ ಪುಸ್ತಕಗಳಿಗೆ ಏನು ಆಗ್ತದ? ನನಗ ಕಾಣುವ ಉತ್ತರ ಇಷ್ಟೇ: ಇವು ಹೋದವರ ಹೆಸರನ್ನು ಮತ್ತ ನಾಲಿಗಿ ಮ್ಯಾಲೆ ತರ್ತಾವ.

ಹೆಸರು ಅನ್ನೋದು ಸಣ್ಣ ಮಾತಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯೋದಿಲ್ಲ. 'ಅವರು' ಅಂತಾಳ, 'ನಮ್ಮ ಮನಿಯವರು' ಅಂತಾಳ, ಮಗನನ್ನು ತೋರಿಸಿ 'ಇವನ ಅಪ್ಪ' ಅಂತಾಳ. ಜನ್ಮದಾಗ ಆಕೆ ಆ ಹೆಸರು ಹೇಳುವ ಜಾಗ ಒಂದೇ: ಒಡಪು. ಮದುವಿ, ಕುಬುಸ, ಅರಿಷಿಣ-ಕುಂಕುಮದ ಕಾರ್ಯಕ್ರಮದಾಗ ಹೆಣ್ಮಕ್ಕಳು ಬಾಗಿಲಿಗೆ ಅಡ್ಡ ನಿಂತು 'ಹೆಸರು ಹೇಳು, ಒಳಗ ಬಾ' ಅಂತ ಕಾಡ್ತಾರ. ಮರಾಠಿಯವರು ಇದಕ್ಕ ಉಖಾಣಾ ಅಂತಾರ. ಆಗ ಆಕೆ ಎರಡು ಸಾಲಿನ ಪ್ರಾಸದಾಗ ಹೆಸರನ್ನು ಮೆಲ್ಲಕ ಸೇರಿಸಿ ನಾಚಿ ಒಳಗ ಓಡ್ತಾಳ. ಗಂಡ ಸತ್ತ ಮ್ಯಾಲೆ ಆಕೀನ ಇಂಥಾ ಕಾರ್ಯಕ್ಕ ಕರೆಯೋದಿಲ್ಲ, ಕರೆದರೂ ಒಡಪು ಕೇಳೋದಿಲ್ಲ. ಗಂಡನ ಜೋಡಿ ಗಂಡನ ಹೆಸರೂ ಹೋಯ್ತು. ಗಂಡಸಿನ ಕಥಿ ಬ್ಯಾರೆ, ಆದರೆ ಮುಕ್ತಾಯ ಒಂದೇ. ವರ್ಷ ತುಂಬೋದರೊಳಗ ಬೀಗರು ಮತ್ತೊಂದು ಮದುವಿ ಮಾತು ತೆಗಿತಾರ. ಹೊಸಬಳು ಬಂದ ಮನಿಯಾಗ ಮೊದಲಿನವಳ ಹೆಸರು ಆಡಬಾರದ ಮಾತು ಆಗ್ತದ.

ಈ ಹೆಸರಿನ ದಾರಿ ಹಿಡಿದು ಮರಾಠಿಯ ಎರಡು ದೊಡ್ಡ ಪುಸ್ತಕಗಳನ್ನು ನೋಡೋಣ. ಮೊದಲನೇದು ರಮಾಬಾಯಿ ರಾನಡೆಯವರ 'ಆಮಚ್ಯಾ ಆಯುಷ್ಯಾತೀಲ ಕಾಹೀ ಆಠವಣೀ'. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಮೊದಲ ಹೆಂಡತಿ 1873ರಲ್ಲಿ ತೀರಿಕೊಂಡರು. ಅದೇ ವರ್ಷ ತಂದೆಯ ಮಾತು ಮೀರಲಾರದೆ ರಾನಡೆ ಹನ್ನೊಂದು ವರ್ಷದ ರಮಾಬಾಯಿಯನ್ನು ಮದುವಿ ಆದರು. ವಿಧವಾ ವಿವಾಹದ ಪರವಾಗಿ ಮಾತಾಡುತ್ತಿದ್ದ ಮನುಷ್ಯ ಸಣ್ಣ ಹುಡುಗಿಯನ್ನು ಮಾಡಿಕೊಂಡರಂತ ಮಂದಿ ಆಡಿಕೊಂಡರು. ಆದರೆ ಆಕೀಗೆ ಅಕ್ಷರ ಕಲಿಸಿದವರೂ ಅವರೇ. ಹಗಲು ಮನಿಯ ಹೆಂಗಸರ ಕೊಂಕು ನುಡಿ, ರಾತ್ರಿ ಗಂಡನ ಮುಂದೆ ಪಾಠ: ಆ ಹುಡುಗಿಯ ಆಯುಷ್ಯ ಹೀಂಗ ನಡೀತು. 1901ರಲ್ಲಿ ರಾನಡೆ ಹೋದರು. ಪುಸ್ತಕ ಬಂದದ್ದು 1910ರಲ್ಲಿ, ಒಂಬತ್ತು ವರ್ಷದ ಮ್ಯಾಲೆ.

ಆ ಪುಸ್ತಕದಾಗ ಆಕೆ ಗಂಡನನ್ನು ಕರೆಯುವ ಶಬ್ದ 'ಸ್ವತಃ'. ಹೆಸರಿಲ್ಲ, 'ಅವರು' ಅಂತನೂ ಅಲ್ಲ, ತಾವೇ ತಾವಾಗಿದ್ದವರು ಅನ್ನುವ ಅರ್ಥದಾಗ. ಗೌರವಕ್ಕ ಇದಕ್ಕಿಂತ ದೊಡ್ಡ ಶಬ್ದ ಸಿಗೋದಿಲ್ಲ. ಆದರೆ ಗೌರವ ಎಷ್ಟು ಎತ್ತರ ಆಗ್ತದೋ ಮನುಷ್ಯ ಅಷ್ಟು ದೂರ ನಿಲ್ತಾನ. ರಮಾಬಾಯಿ ಸುಳ್ಳು ಬರೆದಿಲ್ಲ, ಮನಿಯ ಜಗಳ ಮುಚ್ಚಿಟ್ಟಿಲ್ಲ. ಗಂಡನ ವಿಷಯಕ್ಕ ಬಂದಾಗ ಮಾತ್ರ ಅವರ ಪೆನ್ನು ಸೆರಗು ಹೊದ್ದುಕೊಂಡೇ ನಡೀತದ. ಓದಿ ಮುಗಿಸಿದ ಮ್ಯಾಲೆ ರಾನಡೆಯವರಿಗೆ ಕೈ ಮುಗಿಯಬೇಕು ಅನಿಸ್ತದ. ಅವರ ಜೋಡಿ ಕುಂತು ಚಹಾ ಕುಡೀಬೇಕು ಅನಿಸೋದಿಲ್ಲ.

ಎರಡನೇದು ಲಕ್ಷ್ಮೀಬಾಯಿ ಟಿಳಕರ 'ಸ್ಮೃತಿಚಿತ್ರೇ'. ಗಂಡ ನಾರಾಯಣ ವಾಮನ ಟಿಳಕ ಮರಾಠಿಯ ಕವಿ. 1895ರಲ್ಲಿ ಅವರು ಕ್ರೈಸ್ತ ಧರ್ಮ ಸೇರಿದರು. ಮಡಿ ಮೈಲಿಗೆಯ ಮನಿಯಾಗ ಹುಟ್ಟಿದ ಲಕ್ಷ್ಮೀಬಾಯಿ ಮಗನನ್ನು ಕಟ್ಟಿಕೊಂಡು ಬಳಗದವರ ಆಸರದಾಗ ವರ್ಷಗಟ್ಟಲೆ ಬ್ಯಾರೆ ಇದ್ದು, ಆಮ್ಯಾಲೆ ತಾವಾಗಿಯೇ ಗಂಡನ ಹತ್ತಿರ ಹೋದರು. 1919ರಲ್ಲಿ ಟಿಳಕರು ತೀರಿಕೊಂಡರು. 'ಸ್ಮೃತಿಚಿತ್ರೇ'ಯ ಮೊದಲ ಭಾಗ ಬಂದದ್ದು 1934ರಲ್ಲಿ. ಅಂದರೆ ಹದಿನೈದು ವರ್ಷದ ನಂತರ. ಶಾಲಿ ಮೆಟ್ಟಿಲು ಹತ್ತದ ಹೆಣ್ಣುಮಗಳು ಮರಾಠಿಯ ಎಲ್ಲಕ್ಕಿಂತ ಜೀವಂತ ಆತ್ಮಕಥೆಗಳಲ್ಲಿ ಒಂದನ್ನು ಬರೆದಳು.

ಇಲ್ಲಿ ಗಂಡನ ಹೆಸರು 'ಟಿಳಕ'. ನೆಟ್ಟಗ ಅಡ್ಡಹೆಸರು, ಊರ ಮಂದಿ ಕರೆದಂಗ. ಅದೊಂದರಿಂದಲೇ ಪುಸ್ತಕದ ಹವಾ ಬದಲಾಗ್ತದ. ಟಿಳಕರ ದುಡುಕು, ಹೇಳದೇ ಕೇಳದೇ ಮನಿ ಬಿಟ್ಟು ಹೋಗುವ ಸ್ವಭಾವ, ಮನಿಯಾಗ ಹಿಟ್ಟಿಲ್ಲದಿದ್ದರೂ ಕೈಯಾಗಿನ ರೊಕ್ಕ ಮಂದಿಗೆ ಕೊಟ್ಟು ಬರುವ ಉದಾರತನ, ಇವೆಲ್ಲ ಅಲ್ಲಿ ಅದಾವ. ಆಕೆ ನಕ್ಕೋತ ಬರೀತಾರ, ಕೆಲವು ಕಡೆ ಗಂಡನನ್ನು ಚೆನ್ನಾಗಿ ತರಾಟೆಗೆ ತಗೋತಾರ. ಎಂದೋ ಸತ್ತ ಮನುಷ್ಯ ಪುಟದ ಮ್ಯಾಲೆ ಸಿಟ್ಟು ಮಾಡಿಕೊಂಡು ಎದ್ದು ನಿಲ್ತಾನ. ಸುಮಾರು 39 ವರ್ಷದ ಸಂಸಾರದಾಗ ಆತ ಹೆಂಡತಿಯನ್ನು ಎಷ್ಟು ಅಳಿಸಿದ್ದನೋ ಅಷ್ಟೇ ನಗಿಸಿದ್ದ ಅನ್ನೋದು ಓದುವವರಿಗೆ ತಿಳೀತದ. ಆಕೀಗೆ ಏನು ಹೋಯಿತು ಅನ್ನೋದು ಆಗ ನಮಗ ಗೊತ್ತಾಗ್ತದ. ದೇವರಂಥಾ ಗಂಡ ಹೋದ ಅಂದರ ನಾವು ತಲಿ ಬಾಗಸ್ತೀವಿ. ದಿನಾ ಜಗಳಾಡಿ ದಿನಾ ರಾಜಿ ಆಗುತ್ತಿದ್ದ ಗಂಡ ಹೋದ ಅಂದರ ನಮ್ಮ ಹೊಟ್ಟಿಯಾಗ ಚುರ್ ಅಂತದ. ಟೀಕಾಕಾರನಾಗಿ ನನ್ನ ತಕ್ಕಡಿ ಇಲ್ಲಿ ಲಕ್ಷ್ಮೀಬಾಯಿಯವರ ಕಡೆ ಬಾಗ್ತದ.

ಆಕೆ ಇನ್ನೊಂದು ಕೆಲಸ ಮಾಡಿದರು. ಟಿಳಕರು 'ಖ್ರಿಸ್ತಾಯನ' ಅನ್ನುವ ದೊಡ್ಡ ಕಾವ್ಯ ಶುರು ಮಾಡಿ ಮೊದಲ ಕೆಲವು ಅಧ್ಯಾಯ ಬರೆದು ಬಿಟ್ಟು ಹೋಗಿದ್ದರು. ಉಳಿದದ್ದನ್ನು ಲಕ್ಷ್ಮೀಬಾಯಿ ಪೂರ್ತಿ ಮಾಡಿದರು. ಗಂಡ ಅರ್ಧ ಬಿತ್ತಿ ಹೋದ ಹೊಲವನ್ನು ಹೆಂಡತಿ ಬಿತ್ತಿ ಮುಗಿಸೋದು ನಮ್ಮೂರಾಗ ಹೊಸಾದಲ್ಲ. ಆಕೆ ಅದನ್ನು ಕಾಗದದ ಮ್ಯಾಲೆ ಮಾಡಿದರು, ಅಷ್ಟೇ.

ಇನ್ನು ಕನ್ನಡದ ಕಡೆ. ಪೂರ್ಣಚಂದ್ರ ತೇಜಸ್ವಿಯವರು 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ನಂತರ ಅವರ ಹೆಂಡತಿ ರಾಜೇಶ್ವರಿ ತೇಜಸ್ವಿ 'ನನ್ನ ತೇಜಸ್ವಿ' ಬರೆದರು. ಈ ಹೆಸರಿನ ಎರಡೂ ಶಬ್ದ ತೂಕದವು. 'ತೇಜಸ್ವಿ' ಅನ್ನೋದು ನಾಡಿನ ಮಂದಿಗೆಲ್ಲ ಗೊತ್ತಿದ್ದ ಲೇಖಕ. 'ನನ್ನ' ಅನ್ನೋದು ಆಕೀಗೆ ಮಾತ್ರ ಗೊತ್ತಿದ್ದ ಮನುಷ್ಯ. 1966ರಲ್ಲಿ ಕುವೆಂಪು ಅವರ 'ಮಂತ್ರ ಮಾಂಗಲ್ಯ'ದ ರೀತಿಯಲ್ಲಿ ಮದುವಿ ಆಗಿ, ಕಾಫಿ ತೋಟದಾಗ ನಾಲ್ಕು ದಶಕ ಸಂಸಾರ ಮಾಡಿದ ಜೋಡಿ ಅದು. ಮದುವಿಗಿಂತ ಮೊದಲಿನ ಕಾಗದಗಳು, ತೋಟದ ಆಳು ಕಾಳು, ಮೀನಿನ ಗಾಳ, ಕ್ಯಾಮೆರಾ, ಸ್ಕೂಟರು, ಬಂದು ಹೋಗುವ ಮಂದಿಗೆ ಅಡಿಗಿ: ಪುಸ್ತಕ ತುಂಬ ಇಂಥಾ ಸಾಮಾನುಗಳೇ. ಇದು ಅಚ್ಚುಕಟ್ಟಾದ ಜೀವನಚರಿತ್ರೆ ಅಲ್ಲ. ನೆನಪು ಬಂದಂಗ ಬಂದಾವ, ಕೆಲವು ಕಡೆ ಮತ್ತ ಮತ್ತ ಬಂದಾವ. ಅದು ದೋಷ ಅಂತ ಹೇಳಬೇಕಾದ ಜಾಗ ಅದಾವ. ಆದರೆ ಹೋದವರ ವಿಷಯ ಮಾತಾಡುವಾಗ ನಮ್ಮ ಮನಿಯ ಮುದುಕಿಯರೂ ಹಿಂಗೇ ಹೇಳ್ತಾರ, ಹೇಳಿದ್ದನ್ನೇ ಹೇಳ್ತಾರ, ಪ್ರತಿ ಸಲ ಒಂದು ಹೊಸ ಎಳಿ ಸೇರಸ್ತಾರ. ಲೇಖಕನ ದೊಡ್ಡತನ ಹೇಳಲು ಬ್ಯಾರೆ ಪುಸ್ತಕ ಅದಾವ. ಜೋಡಿ ಬದುಕಿದ ದಿನಗಳ ರುಚಿ ಬೇಕಾದವರು ಇದನ್ನೇ ಓದಬೇಕು.

ಇಂದಿರಾ ಲಂಕೇಶರ ಪುಸ್ತಕದ ಹೆಸರು ಇನ್ನೂ ಚುರುಕು. ಪಿ. ಲಂಕೇಶ್ ತಮ್ಮ ಆತ್ಮಕಥೆಗೆ 'ಹುಳಿಮಾವಿನ ಮರ' ಅಂತ ಹೆಸರಿಟ್ಟಿದ್ದರು. 2000ದ ಜನವರಿಯಲ್ಲಿ ಅವರು ಹೋದರು. ಹೆಂಡತಿ ತಮ್ಮ ಪುಸ್ತಕಕ್ಕ ಇಟ್ಟ ಹೆಸರು 'ಹುಳಿಮಾವು ಮತ್ತು ನಾನು'. ಗಂಡ ತನಗ ತಾನೇ ಕೊಟ್ಟುಕೊಂಡ ಹೆಸರನ್ನು ಹಿಡಿದು, ಅದರ ಮಗ್ಗಲಿಗೆ 'ನಾನು' ಅಂತ ಕುಂತರು. ಹುಳಿಯನ್ನು ಹುಳಿ ಅಂತಲೇ ಹೇಳುವ ಧೈರ್ಯ ಆ ಪುಸ್ತಕದಾಗ ಅದ. ವಿಧವೆ ಬರೆದದ್ದು ಅಂದಕೂಡಲೇ ಗಂಡನ ಗುಣಗಾನವೇ ಇರಬೇಕು ಅಂತ ಎದುರು ನೋಡುವವರಿಗೆ ಅದು ಒಂದು ಪಾಠ.

ಗಂಡಸರು ಬರೆದದ್ದು ಕಡಿಮಿ, ಬರೆದಾಗಲೂ ಹೆಚ್ಚಿನಂಶ ಕವಿತೆಯ ಮರೆ ಬೇಕಾಗ್ತದ. ಎಚ್.ಎಸ್. ವೆಂಕಟೇಶಮೂರ್ತಿಯವರು ಹೆಂಡತಿ ಹೋದ ಮ್ಯಾಲೆ 'ಉತ್ತರಾಯಣ' ಕವಿತೆಗಳನ್ನು ಬರೆದರು. ಇಂಗ್ಲಿಷಿನ ಪ್ರಾಧ್ಯಾಪಕ ಸಿ.ಎಸ್. ಲೂಯಿಸರ ಉದಾಹರಣೆ ಇನ್ನೂ ವಿಚಿತ್ರ. 1960ರಲ್ಲಿ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡಾಗ ಮನಿಯಾಗ ಸಿಕ್ಕ ಖಾಲಿ ನೋಟಬುಕ್ಕುಗಳಲ್ಲಿ ದುಃಖ ಬರೆದಿಟ್ಟರು. ಮುಂದಿನ ವರ್ಷ ಅಚ್ಚು ಮಾಡಿಸುವಾಗ ತಮ್ಮ ಹೆಸರು ಮುಚ್ಚಿ ಸುಳ್ಳು ಹೆಸರು ಹಾಕಿದರು. ಹೆಂಡತಿಯನ್ನು 'ಎಚ್' ಅನ್ನುವ ಒಂದೇ ಅಕ್ಷರದಾಗ ಇಟ್ಟರು. ಅಷ್ಟು ಓದಿದ ಗಂಡಸು ಕೂಡ ಹೆಸರಿನ ಮುಂದೆ ಬಂದು ತಡವರಿಸಿದ. ಅಳೋದು ಹೆಂಗಸರ ಕೆಲಸ ಅಂತ ಗಂಡಸರನ್ನು ಬೆಳೆಸಿದ್ದು ಬರೇ ನಮ್ಮ ದೇಶದಾಗಲ್ಲ.

ಇಲ್ಲಿಗೆ ಒಬ್ಬರು ಎದ್ದು ಕೇಳಬಹುದು: 'ಇವರೆಲ್ಲಾ ದೊಡ್ಡ ಮಂದಿಯ ಹೆಂಡಂದಿರು, ದೊಡ್ಡ ಊರಿನವರು. ಅಕ್ಷರ ಬಾರದ ನಮ್ಮವರ ಗತಿ ಏನು?' ನ್ಯಾಯವಾದ ಪ್ರಶ್ನೆ. ಅದಕ್ಕ ಜಳಗಾಂವ ಕಡಿಯ ಬಹಿಣಾಬಾಯಿ ಚೌಧರಿ ಉತ್ತರ. 1880ರಲ್ಲಿ ಹುಟ್ಟಿದ ಒಕ್ಕಲಿಗರ ಹೆಣ್ಣುಮಗಳು, ಓದು ಬರಹ ಇಲ್ಲ. 1910ರಲ್ಲಿ, ಮೂವತ್ತರ ವಯಸ್ಸಿಗೆ, ಗಂಡ ಹೋದ. ಮಕ್ಕಳನ್ನು ಸಾಕುತ್ತ, ಹೊಲ ಮಾಡುತ್ತ, ಬೀಸುತ್ತ, ಕಳೆ ತೆಗೆಯುತ್ತ ಹಾಡು ಕಟ್ಟಿದಳು. ತನ್ನ ಕಳಚಿದ ಕುಂಕುಮ ಬಳಿಯ ಬಗ್ಗೆಯೂ ಹಾಡಿದಳು. ಮಗ ಸೋಪಾನದೇವ ಅವನ್ನು ಬರೆದಿಟ್ಟುಕೊಂಡ. 1951ರಲ್ಲಿ ಆಕೆ ತೀರಿದ ಮರುವರ್ಷ ಪುಸ್ತಕ ಬಂತು, ಮಹಾರಾಷ್ಟ್ರವೇ ತಿರುಗಿ ನೋಡಿತು. ಆ ಮಾತು ಪುಣೆಯ ಮರಾಠಿ ಅಲ್ಲ, ಆಕೀ ಮನಿಯ ಖಾನದೇಶಿ ಮಾತು. ಬರಿಯುವ ಕೈ ಒಂದು, ಹೇಳುವ ಬಾಯಿ ಇನ್ನೊಂದು. ಇದು ಸಾಧ್ಯ ಅದ.

ಇನ್ನೂ ಹಿಂದಕ ಹೋದರೆ ಅತ್ತಿಮಬ್ಬೆ. ಗಂಡ ನಾಗದೇವ ಯುದ್ಧದಾಗ ಮಡಿದಾಗ ಆತನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ, ಚಿತೆ ಏರಿದಳು. ಅತ್ತಿಮಬ್ಬೆ ಮಗ ಅಣ್ಣಿಗನ ಸಲುವಾಗಿ ಉಳಿದಳು. ಉಳಿದು ಏನು ಮಾಡಿದಳು? ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಓಲೆಗರಿಯ ಕಾಲದಾಗ ಸಾವಿರ ಪ್ರತಿ ಅಂದರ ಎಷ್ಟು ಕೈ, ಎಷ್ಟು ಕಂಠ, ಎಷ್ಟು ಹಗಲು ಅಂತ ಲೆಕ್ಕ ಹಾಕಬೇಕು. 993ರಲ್ಲಿ ರನ್ನನಿಂದ 'ಅಜಿತಪುರಾಣ' ಬರೆಸಿದಳು. ಆ ಕಾವ್ಯದೊಳಗ ಆಕೀ ಮನೆತನದ ಕಥಿಯೂ ಸೇರಿ ನಾಗದೇವನ ಹೆಸರು ಇಂದಿಗೂ ಉಳಿದದ. ಆಕೆ ಸ್ವತಃ ಒಂದು ಸಾಲು ಬರೀಲಿಲ್ಲ, ಬರೆಸಿದಳು. ಚಿತೆಗೆ ಹೋಗುವ ದಾರಿ ಬಿಟ್ಟು ಓಲೆಗರಿಯ ದಾರಿ ಹಿಡಿದವಳು ಆಕೆ.

ಅದಾದ ಸರಿಯಾಗಿ ಸಾವಿರ ವರ್ಷಕ್ಕ, 1993ರ ಸಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕ, ನಮ್ಮ ನೆಲ ನಡುಗಿತು. ಗಣಪತಿ ಕಳಿಸಿ ಬಂದು ಮಂದಿ ಮಲಗಿದ್ದ ರಾತ್ರಿ. ಕಿಲ್ಲಾರಿ, ಸಾಸ್ತೂರ, ಸುತ್ತಿನ ಊರುಗಳು ನೆಲಸಮ ಆದವು. ಲಾತೂರ, ಉಸ್ಮಾನಾಬಾದ ಎರಡೂ ಜಿಲ್ಲಾ ಕೂಡಿ ಹತ್ತು ಸಾವಿರದ ಹತ್ತಿರ ಮಂದಿ ಸತ್ತರು. ಕಲ್ಲು ಮಣ್ಣಿನ ದಪ್ಪ ಗೋಡಿ, ಮ್ಯಾಲೆ ಭಾರದ ಮಾಳಗಿ. ಒಂದೇ ಹಾಸಿಗಿ ಮ್ಯಾಲೆ ಮಲಗಿದ್ದವರಾಗ ಒಬ್ಬರು ಉಳಿದರು, ಒಬ್ಬರು ಹೋದರು. ಆ ಸಾವುಗಳ ಬರವಣಿಗಿ ಆಗಿಲ್ಲ ಅನ್ನುವಂಗಿಲ್ಲ. ಪಂಚನಾಮೆ ಆಯ್ತು, ಯಾದಿ ಆಯ್ತು, ಪರಿಹಾರದ ಅರ್ಜಿ ಆಯ್ತು, ಕಲ್ಲು ಯಾಕ ಬಿತ್ತು ಅಂತ ಇಂಜಿನಿಯರರ ವರದಿ ಆಯ್ತು. ಎಲ್ಲಾ ಮರಾಠಿ, ಇಂಗ್ಲಿಷಿನಾಗ. ಮನಿಯಾಗ ಅತ್ತದ್ದು ಮಾತ್ರ ಕನ್ನಡದಾಗ, ಅದು ಎಲ್ಲೂ ಬರೆದಿಲ್ಲ. ಎಷ್ಟೋ ಮನಿಯಾಗ ಫೋಟೋ ಸುದ್ದಾ ಮಣ್ಣಿನ ಕೆಳಗೇ ಹೋಯಿತು. ಹಂಗಾದರೆ ಆ ಮುಖ ಉಳಿದಿರೋದು ಒಬ್ಬರ ಕಣ್ಣಾಗ ಮಾತ್ರ. ಆವತ್ತು ಇಪ್ಪತ್ತೈದು ವಯಸ್ಸಿದ್ದವರು ಈಗ ಅರವತ್ತರ ಹತ್ತಿರ ಬಂದಾರ. ಈ ಲೇಖನ ಬರಿಯುವ ಅವಸರ ಇರೋದು ಇಲ್ಲೇ.

'ಇಷ್ಟು ವರ್ಷ ಆದ ಮ್ಯಾಲೆ ಹಳೇ ಗಾಯ ಯಾಕ ಕೆದರಬೇಕು?' ಅಂತ ಕೇಳುವವರಿದ್ದಾರ. ಮೊದಲು ಬಿಟ್ಟಿದ್ದ ಪ್ರಶ್ನೆಗೆ ಈಗ ಬರೋಣ. ಬರೆದರೆ ದುಃಖ ಕಡಿಮಿ ಆಗ್ತದೇನು? ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕ 15 ನಿಮಿಷ, ತಮಗಾದ ದೊಡ್ಡ ನೋವಿನ ಬಗ್ಗೆ ಬರೆಸಿದರು. ನಂತರದ ತಿಂಗಳುಗಳಲ್ಲಿ ಅವರು ದವಾಖಾನಿಗೆ ಹೋಗೋದು ಕಡಿಮಿ ಆಯ್ತು ಅಂತ 1986ರಲ್ಲಿ ಪ್ರಕಟಿಸಿದರು. ಆದರೆ ಮನಿಯವರನ್ನು ಕಳಕೊಂಡವರ ಮ್ಯಾಲೆ ಮುಂದೆ ನಡೆದ ಕೆಲವು ಅಧ್ಯಯನಗಳಲ್ಲಿ ಅಂಥಾ ಲಾಭ ಕಾಣಲಿಲ್ಲ. ಹಂಗಾಗಿ ಬರವಣಿಗಿಯನ್ನು ಗುಳಿಗಿ ಮಾಡಿ ಮಾರುವವರ ಮಾತು ಪೂರಾ ನಂಬಬಾರದು. ಯಾರಿಗೂ ಒತ್ತಾಯ ಮಾಡಿ ಬರೆಸಲೂ ಬಾರದು. ರಮಾಬಾಯಿಗೆ ಒಂಬತ್ತು ವರ್ಷ ಹಿಡೀತು, ಲಕ್ಷ್ಮೀಬಾಯಿಗೆ ಹದಿನೈದು. ತಡ ಆದದ್ದೇ ಆ ಪುಸ್ತಕಗಳಿಗೆ ಒಳ್ಳೇದಾಯಿತು. ಹಸಿ ದುಃಖ ಸಾವಿನ ದಿನವನ್ನಷ್ಟೇ ನೋಡ್ತದ. ಹಣ್ಣಾದ ದುಃಖ ಇಡೀ ಸಂಸಾರ ನೋಡ್ತದ. ದುಃಖ ಕಡಿಮಿ ಆಗದೇ ಇರಬಹುದು. ಅದಕ್ಕ ಕುಂದರಲಿಕ್ಕೆ ಒಂದು ಜಾಗ ಸಿಗ್ತದ, ಒಂದು ಹೆಸರು ಸಿಗ್ತದ.

ಭಾಷೆಯ ಅಳುಕು ನಮ್ಮವರಿಗೆ ಇನ್ನೊಂದು ಅಡ್ಡಗೋಡಿ. 'ನಮ್ಮ ಕನ್ನಡ ಶುದ್ಧ ಇಲ್ಲ, ಅಕ್ಷರ ಬರೋದಿಲ್ಲ' ಅಂತ ಹಿಂಜರೀತಾರ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಓದಿದ್ದು ಮರಾಠಿ ಶಾಲಿಯಾಗ. ಕನ್ನಡ ಅಕ್ಷರ ತಾವಾಗಿ ಕಲಿತು, ಬೀಸೂಕಲ್ಲಿನ ತ್ರಿಪದಿಯೊಳಗೇ 'ಸಿದ್ಧರಾಮ ಪುರಾಣ' ಬರೆದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನಮ್ಮಿಂದ ದೂರದ ಊರಲ್ಲ ಅದು. ಕನ್ನಡ ಅಕ್ಷರ ಬಾರದಿದ್ದರೆ ಬಾಳಬೋಧ ಲಿಪಿಯಾಗೇ ಕನ್ನಡ ಬರೀರಿ. ಅದೂ ಆಗದಿದ್ದರೆ ಮೊಮ್ಮಗನ ಮುಂದೆ ಹೇಳ್ರಿ, ಆತ ಬರ್ಕೊಳ್ಳಲಿ. ಗುರುಗಳು ಮಕ್ಕಳಿಗೆ ನಿಬಂಧ ಕೊಡುವಾಗ 'ನನ್ನ ಮೆಚ್ಚಿನ ನಾಯಕ' ಒಂದು ವರ್ಷ ಬಿಟ್ಟು, 'ನಮ್ಮ ಆಯಿ ಹೇಳಿದ ಮುತ್ಯಾನ ಕಥಿ' ಕೊಡಲಿ. ಮಕ್ಕಳ ಬರಹ ತಿದ್ದುವಾಗ ಆಯಿಯ ಮಾತನ್ನು ಗ್ರಂಥದ ಮಾತು ಮಾಡಬಾರದು. ಬಹಿಣಾಬಾಯಿಯ ಹಾಡನ್ನು ಪುಣೆಯ ಮರಾಠಿಗೆ ತಿದ್ದಿದ್ದರೆ ಇವತ್ತು ಅದನ್ನು ಯಾರೂ ಹಾಡುತ್ತಿರಲಿಲ್ಲ.

ಬರೆದದ್ದು ಚಲೋ ಅದ ಇಲ್ಲ ಅಂತ ಹೆಂಗ ನೋಡಬೇಕು ಅಂದರ, ಮ್ಯಾಲಿನ ಪುಸ್ತಕಗಳೇ ಅಳತಿಗೋಲು ಕೊಡ್ತಾವ. ಹೋದವರ ಹೆಸರು ಅದರಾಗ ಇರಬೇಕು, ಒಬ್ಬರನ್ನೊಬ್ಬರು ಏನಂತ ಕರೀತಿದ್ದರು ಅನ್ನೋದು ಇರಬೇಕು. ಒಂದು ದಿನದ ದಗದ ಇರಬೇಕು: ಎಷ್ಟೊತ್ತಿಗೆ ಏಳ್ತಿದ್ದರು, ಯಾವ ಹೊಲ, ಯಾವ ಎತ್ತು, ಉಣ್ಣಾಕ ಏನು. ಒಂದು ಜಗಳ ಇರಬೇಕು, ಅದು ಹೆಂಗ ಮುಗೀತು ಅನ್ನೋದೂ ಇರಬೇಕು. ಸಾವಿನ ದಿನಕ್ಕ ಒಂದು ಪುಟ ಸಾಕು, ಉಳಿದ ಪುಟ ಬದುಕಿಗೆ ಬಿಡಬೇಕು. 'ಪೂಜ್ಯ', 'ಆದರ್ಶ', 'ಅಜಾತಶತ್ರು' ಅನ್ನುವ ಶಬ್ದ ಬಂದಲ್ಲೆಲ್ಲಾ ಕೆಂಪು ಗೆರಿ ಎಳೀಬೇಕು. ಅವು ಫ್ಲೆಕ್ಸಿಗೆ ಇರಲಿ.

ಕಾರ್ಯದ ಮನಿಯಾಗ ಒಡಪು ಕೇಳದಿದ್ದರೂ ವಾಚನಾಲಯದಾಗ ಕೇಳಬಹುದು. ಇಲ್ಲಿ ಕುಂಕುಮ ಯಾರೂ ನೋಡೋದಿಲ್ಲ. ಗಂಡ ಹೋದವಳೂ ಬರಲಿ, ಹೆಂಡತಿ ಹೋದವನೂ ಬರಲಿ, ಹೆಸರು ಹೇಳಿ ಒಳಗ ಬರಲಿ.